ಆಸ್ಪತ್ರೆ ದಿನದ ಮಿಸ್ಸಿಂಗ್

ಗಾಡಿ ನನ್ನ ಶೆಡ್ಡಿನ ಮುಂದೆ ಬಂದು ನಿಂತಾಗ ಎಂಜಿನ್ ಚೆನ್ನಾಗಿಯೇ ಓಡುತ್ತಿತ್ತು. ತೊಂದರೆ ಇದ್ದದ್ದೇ ಅಲ್ಲಿ. ಕೆಟ್ಟು ನಿಂತ ಗಾಡಿಯನ್ನಾದರೆ ಬಿಚ್ಚಿ ನೋಡಬಹುದು. ದಾರಿಯುದ್ದಕ್ಕೂ ಕಾಟ ಕೊಟ್ಟು, ಮೇಸ್ತ್ರಿಯ ಮುಂದೆ ಬಂದ ಕೂಡಲೇ ಸಾಧು ಹಸುವಿನಂತೆ ನಿಲ್ಲುವ ಗಾಡಿಯನ್ನು ಏನು ಮಾಡುವುದು?

"ಮಿಸ್ಸಿಂಗ್ ಹೊಡೀತೈತೆ ಮೇಸ್ತ್ರಿ," ಎಂದರು ಕಾಂಪೌಂಡರು. "ಬೆಳಿಗ್ಗೆ ಊರು ಬಿಟ್ಟು ಎರಡು ಮೈಲಿ ಬಂದಿರಕ್ಕಿಲ್ಲ, ಆಕ್ಸಿಲೇಟರ್ ತುಳಿದ್ರೆ ಎಳೆಯಾಕಿಲ್ಲ, ಮುಗ್ಗರಿಸ್ತೈತೆ. ಏರು ಬಂದ್ರೆ ಮುಗೀತು. ಹಾರನಹಳ್ಳಿ ದಾಟಿ ಬಿಸಿಲು ಬಿದ್ಮೇಲೆ ತಾನಾಗೇ ಸರಿಹೋಯ್ತದೆ."

ಅವರು ಕಣಕಟ್ಟೆಯ ದನದ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದರು. ಐವತ್ತರ ಹತ್ತಿರದ ವಯಸ್ಸು, ಕಡಿಮೆ ಮಾತು. ಇಪ್ಪತ್ತು ವರ್ಷ ಹಳೆಯ ಆ ಬಿಳಿ ಕಾರನ್ನು ಅವರು ಷೋಕಿಗೆ ಕೊಂಡದ್ದಲ್ಲ. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ ಶಾಲು ಹೊದ್ದು ಕೂತಿದ್ದರು. ಮುಖ ಊದಿತ್ತು. ಕಾಲು ಚಪ್ಪಲಿಯೊಳಗೆ ಹೋಗದೆ, ಚಪ್ಪಲಿಗಳನ್ನು ಪಕ್ಕದಲ್ಲಿಟ್ಟುಕೊಂಡಿದ್ದರು. ಎರಡು ಮೂತ್ರಪಿಂಡವೂ ಕೆಟ್ಟುಹೋಗಿ, ಬುಧವಾರ ಮತ್ತು ಶನಿವಾರ ಹಾಸನದ ಆಸ್ಪತ್ರೆಯೊಂದರಲ್ಲಿ ಮಿಷನ್ನಿಗೆ ಹಾಕಿ ಅವರ ರಕ್ತ ತೊಳೆಸಬೇಕಾಗಿತ್ತು. ಇರುವ ಮಿಷನ್ನು ಕೆಲವೇ, ಕಾಯುವವರು ಬಹಳ. ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಇವರ ಸರದಿ. ತಡವಾಗಿ ಹೋದರೆ ಅಷ್ಟು ಹೊತ್ತು ಇವರ ಪಾಲಿಗಿಲ್ಲ, ಯಾಕೆಂದರೆ ಹನ್ನೊಂದಕ್ಕೆ ಇನ್ನೊಬ್ಬರು ಇದೇ ಸ್ಥಿತಿಯಲ್ಲಿ ಬಂದು ಬಾಗಿಲಲ್ಲಿ ಕೂತಿರುತ್ತಾರೆ. ಅವತ್ತು ಬುಧವಾರ, ಅವರು ಮುಟ್ಟಿದ್ದು ಎಂಟೂವರೆಗೆ. ನಾಲ್ಕು ಗಂಟೆ ಆಗಬೇಕಾದದ್ದು ಎರಡೂವರೆ ಗಂಟೆಯಲ್ಲಿ ಮುಗಿದು, ವಾಪಸು ಹೋಗುವಾಗ ನನ್ನಲ್ಲಿಗೆ ಬಂದಿದ್ದರು.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು, ನವೆಂಬರ್ ತಿಂಗಳು. ಅರಸೀಕೆರೆಯಲ್ಲಿ ಹಾಸನ ರಸ್ತೆಯ ಬದಿಗೆ ನನ್ನ ಶೆಡ್ಡು. ರೈಲಿನಿಂದ ಇಳಿದವರನ್ನು ಹಳೇಬೀಡು, ಬೇಲೂರಿಗೆ ಕರೆದೊಯ್ಯುವ ಟ್ಯಾಕ್ಸಿಗಳೇ ನನಗೆ ಅನ್ನ. ಎಂಜಿನ್ ಸದ್ದು ಕೇಳಿಯೇ ರೋಗ ಹೇಳುತ್ತೇನೆಂದು ಆ ಡ್ರೈವರುಗಳು ನನ್ನನ್ನು ಕಿವಿ ಮೇಸ್ತ್ರಿ ಎನ್ನುತ್ತಿದ್ದರು. ಬಾನೆಟ್ ತೆಗೆಯುವ ಮೊದಲೇ "ಎರಡನೇ ಸಿಲಿಂಡರು ಕಣ್ರೀ" ಎಂದು ಹೇಳಿ ಅವರು ಬಾಯಿ ಬಿಡುವುದನ್ನು ನೋಡುವುದು ನನಗೊಂದು ಚಟವಾಗಿತ್ತು. ಆ ಹೆಸರು ತಲೆಗೇರಿತ್ತು ಎಂದು ಈಗ ಹೇಳಲು ನಾಚಿಕೆಯೇನೂ ಇಲ್ಲ.

ಆ ಕಾರು ನನಗೆ ಹೊಸದಲ್ಲ. ದಸರೆಗೆ ಮುಂಚೆ ಕಾಂಪೌಂಡರು ಅದನ್ನು ಕೊಂಡ ವಾರದಲ್ಲೇ ಪೂರ್ತಿ ಸರ್ವೀಸಿಗೆ ತಂದಿದ್ದರು. ಅವತ್ತೂ ಹೆಂಡತಿ ಜೊತೆಗಿದ್ದರು, ಆಗಿನ್ನೂ ನಡೆದಾಡುತ್ತಿದ್ದರು. ಡಿಸ್ಟ್ರಿಬ್ಯೂಟರ್ ಕ್ಯಾಪ್ ಹಳತಾಗಿದೆಯೆಂದು ತೆಗೆದು ಹೊಸದನ್ನು ಹಾಕಿದ್ದೆ. ನೋಡದವರಿಗೆ ಹೇಳುವುದಾದರೆ, ಅದು ಮುಷ್ಟಿಗಾತ್ರದ ಗುಂಡನೆಯ ಕಪ್ಪು ಮುಚ್ಚಳ. ಕಾಯಿಲಿನಿಂದ ಬಂದ ಕರೆಂಟು ಅದರ ನೆತ್ತಿಯಿಂದ ಒಳಗಿಳಿದು, ಸುತ್ತಲಿನ ನಾಲ್ಕು ವೈರುಗಳಲ್ಲಿ ಸರದಿಯಂತೆ ನಾಲ್ಕು ಪ್ಲಗ್ಗಿಗೆ ಹೋಗಿ ಕಿಡಿಯಾಗಿ ಪೆಟ್ರೋಲ್ ಉರಿಸುತ್ತದೆ. ಗಂಡ ಹೆಂಡತಿ ಇಬ್ಬರಿಗೂ ಅದನ್ನು ಮುಟ್ಟಿ ತೋರಿಸಿ, "ನೋಡಿ, ಇದೇ ನಿಮ್ಮ ಗಾಡಿ ಜೀವ. ಹೊಸದು ಹಾಕಿದೀನಿ, ಇನ್ನು ಐದು ವರ್ಷ ಇದರ ಕಡೆ ನೋಡಂಗಿಲ್ಲ," ಎಂದಿದ್ದೆ. ಬೇರೆಯವರಿಗೆ ನೋಡಂಗಿಲ್ಲ ಎಂದವನು ನಾನೇ ನೋಡುವುದನ್ನು ಬಿಟ್ಟೆ.

ಮೊದಲ ಸಲ ಬಂದಾಗ ಕ್ರಮವಾಗಿಯೇ ಹೋದೆ. ಎಂಜಿನ್ ಓಡಲು ಬಿಟ್ಟು ಕೇಳಿದೆ, ನಾಲ್ಕೂ ಸಿಲಿಂಡರು ಸರಿಯಾಗಿ ಹೊಡೆಯುತ್ತಿದ್ದವು. ಒಂದೊಂದೇ ಪ್ಲಗ್ಗಿನ ವೈರ್ ಕಿತ್ತು ನೋಡಿದೆ, ಪ್ರತಿ ಸಲವೂ ಸದ್ದು ಒಂದೇ ಸಮ ಇಳಿಯಿತು. ಕ್ಯಾಪಿನ ಮೇಲೆ ವಿಭೂತಿಯ ಮೂರು ಗೆರೆಗಳು ಒಣಗಿ ಬೆಳ್ಳಗಿದ್ದವು. ನಮ್ಮ ಕಡೆ ಬಾನೆಟ್ ತೆಗೆದರೆ ಇದೇನೂ ಹೊಸ ನೋಟವಲ್ಲ. ಆಯುಧಪೂಜೆಗೆ ನನ್ನ ಸ್ಪಾನರುಗಳಿಗೂ ನಾನು ಹಚ್ಚುತ್ತೇನೆ, ಹಚ್ಚಿದ್ದನ್ನು ಯಾರೂ ಒರೆಸುವುದಿಲ್ಲ. ಎರಡು ಕ್ಲಿಪ್ ಬಿಚ್ಚಿ, ಗೆರೆ ಅಳಿಸದ ಹಾಗೆ ಬೆರಳ ತುದಿಯಲ್ಲಿ ಕ್ಯಾಪ್ ಹಿಡಿದು ತಿರುಗಿಸಿ ಒಳಗೆ ನೋಡಿದೆ. ಒಳಗೆ ಕನ್ನಡಿಯಷ್ಟು ಸ್ವಚ್ಛ. ಕೆಳಗೆ ಕರೆಂಟು ಕೂಡಿಸಿ ಬಿಡಿಸುವ ಪಾಯಿಂಟಿನಲ್ಲಿ ಮಾತ್ರ ಸಣ್ಣ ಗುಳಿ ಬಿದ್ದಿತ್ತು. ಸಿಕ್ಕಿತು ಎಂದುಕೊಂಡೆ. ಪಾಯಿಂಟ್ ಬದಲಿಸಿ, ಫೀಲರ್ ಗೇಜ್ ಇಟ್ಟು ಸಂದು ಹೊಂದಿಸಿ, ಕಂಡೆನ್ಸರನ್ನೂ ಹೊಸದು ಹಾಕಿ, ಹಾರನಹಳ್ಳಿಯವರೆಗೆ ಓಡಿಸಿಕೊಂಡು ಬಂದೆ. ಮೂರನೇ ಗೇರಿನಲ್ಲೇ ಏರು ಹತ್ತಿತು.

"ಇನ್ನು ತಂಟೆ ಇಲ್ಲ ತಾಯಿ," ಎಂದು ಹಿಂದಿನ ಸೀಟಿನ ಕಡೆ ತಿರುಗಿ ಹೇಳಿದೆ. ಅವರು ತಲೆಯಾಡಿಸಿದರು.

ಶನಿವಾರ ಮಧ್ಯಾಹ್ನ ಅದೇ ಗಾಡಿ ಮತ್ತೆ ಬಂತು. ಅವತ್ತು ಮುಕ್ಕಾಲು ಗಂಟೆ ತಡವಾಗಿತ್ತು. ನನಗೆ ಸಿಟ್ಟು ಬಂತು, ಗಾಡಿಯ ಮೇಲೆ ಬಂದದ್ದನ್ನು ಕಾಂಪೌಂಡರ ಮೇಲೆ ತೀರಿಸಿಕೊಂಡೆ. ಚೋಕ್ ಎಳೆದು ಮರೆತುಬಿಡುತ್ತೀರಿ, ದನಕ್ಕೆ ಔಷಧಿ ಕುಡಿಸಿದ ಹಾಗೆ ಎಂಜಿನ್ನಿಗೆ ಪೆಟ್ರೋಲ್ ಕುಡಿಸುತ್ತೀರಿ ಎಂದೆ. ಅವರು ಎದುರಾಡಲಿಲ್ಲ. "ಇರಬೋದು ಮೇಸ್ತ್ರಿ, ನಾನು ಕಲಿತಿದ್ದು ಲೇಟು," ಎಂದರು.

ಅವತ್ತು ಕಾರ್ಬೊರೇಟರ್ ಇಳಿಸಿದೆ. ಬೌಲಿನ ತಳದಲ್ಲಿ ಕೆಂಪು ಮಣ್ಣಿನಂಥದ್ದು ಚಿಟಿಕೆಯಷ್ಟಿತ್ತು. ಪೆಟ್ರೋಲ್ ಚಿಮ್ಮುವ ಜೆಟ್ಟುಗಳನ್ನು ಬಿಚ್ಚಿ ಗಾಳಿ ಹೊಡೆದು, ಬೆಳಕಿಗೆ ಹಿಡಿದು ತೂತು ನೋಡಿದೆ. ಪಂಪಿನ ಡಯಾಫ್ರಮ್ ನೋಡಿದೆ. ಊರಲ್ಲಿ ಅಂಗಡಿಯವನ ಡ್ರಮ್ಮಿನಿಂದ ಪೆಟ್ರೋಲ್ ಹಾಕಿಸಿದ್ದರೆಂದು ಗೊತ್ತಾದ ಮೇಲೆ ನನಗೆ ಅನುಮಾನವೇ ಉಳಿಯಲಿಲ್ಲ. ಸೀಮೆಎಣ್ಣೆ ಬೆರೆಸಿದ್ದಾನೆ, ತಣ್ಣಗಿದ್ದಾಗ ಉರಿಯುವುದಿಲ್ಲ, ಬಿಸಿಯಾದ ಮೇಲೆ ಉರಿಯುತ್ತದೆ. ಲೆಕ್ಕ ಸರಿಹೋಯಿತು. ಟ್ಯಾಂಕ್ ಖಾಲಿ ಮಾಡಿಸಿ, ಬಂಕಿನಿಂದ ಪೆಟ್ರೋಲ್ ತಂದು ಹಾಕಿದೆ.

ಮುಂದಿನ ಬುಧವಾರ ಏನೂ ಆಗಲಿಲ್ಲ. ಅವತ್ತು ಮಂಜಿರಲಿಲ್ಲ, ಬೆಳಗಿನ ಜಾವಕ್ಕೇ ಒಣ ಗಾಳಿ ಬೀಸುತ್ತಿತ್ತು. ಅದನ್ನು ಯಾರೂ ಗಮನಿಸಲಿಲ್ಲ, ನಾನಂತೂ ಕೇಳಲೂ ಇಲ್ಲ. ಸರಿಯಾದ ಹೊತ್ತಿಗೆ ಮುಟ್ಟಿ ಬಂದರೆಂದು ಕೇಳಿ, ಟ್ಯಾಕ್ಸಿಯವರ ಮುಂದೆ ಆ ಡ್ರಮ್ಮಿನ ಪೆಟ್ರೋಲಿನ ಕಥೆಯನ್ನು ಎರಡು ಸಲ ಹೇಳಿದೆ.

ಶನಿವಾರ ಗಾಡಿ ಹೊತ್ತಿಗೆ ಸರಿಯಾಗಿ ಅರಸೀಕೆರೆಗೂ ಬರಲಿಲ್ಲ. ಕಣಕಟ್ಟೆಯಿಂದ ಹೊರಟು ಅರ್ಧ ದಾರಿಯಲ್ಲಿ ನಿಂತಿತು. ಎಷ್ಟು ಸೆಲ್ಫ್ ಹೊಡೆದರೂ ಹತ್ತಲಿಲ್ಲ, ಬ್ಯಾಟರಿ ಇಳಿಯಿತು. ಬೆಳಗಿನ ಬಸ್ಸಿಗೆ ಕೈ ತೋರಿಸಿದರಂತೆ, ಆದರೆ ಆಕೆಗೆ ಬಸ್ಸಿನ ಮೆಟ್ಟಿಲು ಹತ್ತಲು ಆಗಲಿಲ್ಲ. ಎಂಟೂವರೆಗೆ ಬಿಸಿಲು ಬಂದ ಮೇಲೆ ಯಾರೋ ತಳ್ಳಿದರು, ಗಾಡಿ ಒಂದೇ ಸಲಕ್ಕೆ ಹತ್ತಿಕೊಂಡಿತು. ಹಾಸನ ಮುಟ್ಟುವ ಹೊತ್ತಿಗೆ ಮಿಷನ್ನು ಹಾಕಿ ಪ್ರಯೋಜನವಿಲ್ಲದಷ್ಟು ತಡವಾಗಿತ್ತು. ಭಾನುವಾರ ರಾತ್ರಿ ಆಕೆಗೆ ಮಲಗಿದರೆ ಉಸಿರು ಕಟ್ಟತೊಡಗಿತು. ಸೋಮವಾರ ಕೊಬ್ಬರಿ ಸಾಗಿಸುವ ಟೆಂಪೊದಲ್ಲಿ ಮುಂದೆ ಕೂರಿಸಿಕೊಂಡು ಹೋಗಿ ತುರ್ತು ಎಂದು ಕಾಡಿ ಬೇಡಿ ಎರಡು ಗಂಟೆ ಮಿಷನ್ನು ಹಾಕಿಸಿದರು. ಶ್ವಾಸಕೋಶದಲ್ಲಿ ನೀರು ತುಂಬಿದೆ, ಹೃದಯಕ್ಕೆ ಭಾರ ಬೀಳುತ್ತಿದೆ, ಇನ್ನೊಂದು ಸರದಿ ತಪ್ಪಿಸಬೇಡಿ ಎಂದು ಡಾಕ್ಟರು ಹೇಳಿದರಂತೆ.

ಇದೆಲ್ಲ ನನಗೆ ಗೊತ್ತಾದದ್ದು ಮಂಗಳವಾರ ಮಧ್ಯಾಹ್ನ, ಅವರು ಕಾರು ತಂದಾಗ. ಕಾಯಿಲ್ ಬದಲಿಸಿದೆ, ನಾಲ್ಕು ವೈರುಗಳನ್ನೂ ಪ್ಲಗ್ಗುಗಳನ್ನೂ ಹೊಸದು ಹಾಕಿದೆ. ಕ್ಯಾಪಿನೊಳಗೆ ಇನ್ನೊಮ್ಮೆ ನೋಡಿದೆ, ಹಿಂದಿನಂತೆಯೇ ಬೆರಳ ತುದಿಯಲ್ಲಿ ಹಿಡಿದು. ಕಾಂಪೌಂಡರು ಪಕ್ಕದಲ್ಲಿ ನಿಂತು ನೋಡುತ್ತಿದ್ದರು.

"ಒಂದ್ ಮಾತು ಮೇಸ್ತ್ರಿ. ಹೋದ ಗುರುವಾರ ಕಡೂರಿಗೆ ಹೋಗಿದ್ದೆ. ಬೆಳಿಗ್ಗೆ ಐದಕ್ಕೇ ಹೊರಟಿದ್ದು. ಚಳಿ, ಮಂಜು, ಎಲ್ಲ ಇತ್ತು. ಗಾಡಿ ಏನೂ ಅನ್ನಲಿಲ್ಲ. ಇದು ಆಸ್ಪತ್ರೆ ದಿನ ಮಾತ್ರ ಹಿಂಗ್ ಮಾಡ್ತದೆ."

"ಗಾಡಿಗೆ ಪಂಚಾಂಗ ಗೊತ್ತಾಯ್ತದೇನ್ರೀ ಕಾಂಪೌಂಡ್ರೇ?" ಎಂದೆ.

ಅವರು ನಾನು ಬಿಚ್ಚಿಟ್ಟ ಹಳೆಯ ಪ್ಲಗ್ಗೊಂದನ್ನು ಎತ್ತಿ ನೋಡಿದರು. "ನಮ್ಮನೆಯವ್ಳೂ ಅದೇ ಅಂತಾವ್ಳೆ. ನನ್ನ ಕೂರಿಸ್ಕಂಡ್ರೆ ಗಾಡಿಗಾಗಕ್ಕಿಲ್ಲ ಅಂತ," ಎಂದರು.

ಆ ಮಾತಿಗೆ ನನ್ನ ಕೈ ನಿಂತಿತು. ಆ ದಿನಗಳಲ್ಲಿ ನನಗೆ ಇದ್ದದ್ದು ಸೋತ ಸಿಟ್ಟೇ ಹೊರತು ಭಯವಲ್ಲ. ಈಗ ಭಯವಾಯಿತು. ಮಧ್ಯಾಹ್ನದ ಬಿಸಿಲಲ್ಲಿ, ನನ್ನ ಶೆಡ್ಡಿನಲ್ಲಿ, ಸರಿಯಾಗಿರುವ ಎಂಜಿನ್ನನ್ನು ನಾನು ಮೂರು ಸಲ ರಿಪೇರಿ ಮಾಡಿದ್ದೆ. ಕಾಂಪೌಂಡರು ರೋಗದ ಲಕ್ಷಣವನ್ನು ಸರಿಯಾಗಿಯೇ ಹೇಳುತ್ತಿದ್ದರು, ನಾನು ತಮಾಷೆ ಮಾಡಿದೆ. ದನದ ಕಾಂಪೌಂಡರಾದರೂ ರೋಗಿ ಇರುವಲ್ಲಿಗೆ ಸೈಕಲ್ಲು ತುಳಿದು ಹೋಗುವವರು ಅವರು. ನಾನು ಒಂದು ಸಲವೂ ಹೋಗಿರಲಿಲ್ಲ.

"ಇವತ್ತು ನಾನೂ ನಿಮ್ಮ ಜೊತೆ ಊರಿಗೆ ಬತ್ತೀನಿ," ಎಂದೆ. "ನಾಳೆ ನೀವು ಹೆಂಗೆ ಹೊರಡ್ತೀರೋ ಹಂಗೇ ಹೊರಡಿ. ನಾನು ಪಕ್ಕದಲ್ಲಿ ಕೂತಿರ್ತೀನಿ."

ಸಂಜೆ ಕಣಕಟ್ಟೆಗೆ ಹೋಗುವಾಗ ಗಾಡಿ ಒಂದು ಸಲವೂ ಮುಗ್ಗರಿಸಲಿಲ್ಲ. ಅವರ ಮನೆಯ ಜಗಲಿಯಲ್ಲಿ ಮಲಗಿದೆ. ಒಳಗಿನಿಂದ ಆಕೆಯ ಉಸಿರಾಟ ಕೇಳುತ್ತಿತ್ತು. ಗೋಡೆಗೆ ದಿಂಬು ಒರಗಿಸಿ ಕೂತೇ ನಿದ್ದೆ ಮಾಡುತ್ತಿದ್ದರು. ಎಂಜಿನ್ನುಗಳ ಸದ್ದಿಗೆ ಹೆಸರು ಮಾಡಿದ ಕಿವಿ ಅದನ್ನು ಕೇಳದೆ ಇರಲು ನೋಡಿತು, ಆಗಲಿಲ್ಲ.

ನಾಲ್ಕೂವರೆಗೆ ಎದ್ದೆವು. ತೋಟದ ಕಡೆಯಿಂದ ಮಂಜು ಇಳಿದು, ಗಾಡಿಯ ಮೈಮೇಲೆ ಬೆರಳಲ್ಲಿ ಬರೆಯುವಷ್ಟು ನೀರು ನಿಂತಿತ್ತು. ಕಾಂಪೌಂಡರು ಬಾನೆಟ್ ಎತ್ತಿ ರೇಡಿಯೇಟರಿಗೆ ನೀರು ನೋಡಿದರು, ಆಯಿಲ್ ನೋಡಿದರು. ನಾನು ಟಾರ್ಚ್ ಹಿಡಿದಿದ್ದೆ. ಎಲ್ಲ ಸರಿ. ಆಗ ಅವರ ಹೆಂಡತಿ ಬಾಗಿಲು ಹಿಡಿದುಕೊಂಡು ಹೊರಗೆ ಬಂದರು. ಮಿಂದಿದ್ದರು, ಹಣೆಯಲ್ಲಿ ವಿಭೂತಿ. ಕೈಯಲ್ಲಿ ಒಂದು ಬಟ್ಟಲು. ಅದರಲ್ಲಿ ವಿಭೂತಿಗಟ್ಟಿಯನ್ನು ನೀರಿನಲ್ಲಿ ತೇಯ್ದು ಇಟ್ಟುಕೊಂಡಿದ್ದರು.

"ಸ್ವಲ್ಪ ಬೆಳಕು ಬಿಡಿ ಮೇಸ್ತ್ರಿ," ಎಂದರು.

ಟಾರ್ಚನ್ನು ಅವರ ಕೈಯ ಕಡೆ ತಿರುಗಿಸಿದೆ. ಮಡ್ಗಾರ್ಡಿಗೆ ಒರಗಿ ಉಸಿರು ತೆಗೆದುಕೊಂಡು, ಮೂರು ಬೆರಳು ಬಟ್ಟಲಲ್ಲಿ ಅದ್ದಿ, ಆ ಕಪ್ಪು ಕ್ಯಾಪಿನ ಮೇಲೆ ನಿಧಾನವಾಗಿ ಎಳೆದರು. ವೈರುಗಳ ನಡುನಡುವೆ ಬೆರಳು ತೂರಿಸಿ, ಈ ಬದಿಯಿಂದ ಆ ಬದಿಯವರೆಗೆ ಗೆರೆ ಮುಟ್ಟಿಸಿದರು. ನೀರು ಕೆಳಗಿಳಿದು ಕ್ಲಿಪ್ಪಿನ ಮೇಲೆ ಹನಿಯಿತು. ಕಣ್ಣು ಮುಚ್ಚಿ ಕೈ ಮುಗಿದರು.

"ಮಿಷನ್ನಿಗೆ ಹೋಗೋ ದಿನ ತಪ್ಪದಂಗೆ ಮಾಡ್ತಾಳೆ," ಎಂದರು ಕಾಂಪೌಂಡರು ಮೆಲ್ಲಗೆ. "ನೀವೇ ಅಂದಿದ್ರಲ್ಲ, ಇದೇ ಗಾಡಿ ಜೀವ ಅಂತ. ನೋಡಾಕೂ ಲಿಂಗದಂಗೇ ಐತೆ ಅಂದ್ಲು. ಅವ್ಳ ಕೈಲಿ ಇನ್ನೇನೂ ಆಗಕ್ಕಿಲ್ಲ, ಇದೊಂದು ಮಾಡಲಿ ಅಂತ ಬಿಟ್ಟಿದೀನಿ."

ನನಗೆ ಅಲ್ಲೇ ಗೊತ್ತಾಯಿತು. ಪೂರ್ತಿ ಖಾತ್ರಿಯಾಗಿರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ, ಆದರೆ ಗೊತ್ತಾಗಿತ್ತು. ಕ್ಯಾಪಿನೊಳಗೆ ಹರಿಯುವುದು ಸಾವಿರಾರು ವೋಲ್ಟಿನ ಕರೆಂಟು. ಒದ್ದೆ ಬೂದಿಯ ದಾರಿ ಸಿಕ್ಕರೆ ಅದು ಪ್ಲಗ್ಗಿನವರೆಗೆ ಯಾಕೆ ಹೋಗಬೇಕು, ಹೊರಗಿನಿಂದಲೇ ಪಕ್ಕದ ವೈರಿಗೋ ಕ್ಲಿಪ್ಪಿಗೋ ಹಾರಿಬಿಡುತ್ತದೆ. ಗಾಡಿ ಸುಮ್ಮನೆ ನಿಂತು ಓಡುವಾಗ ತಿಳಿಯುವುದಿಲ್ಲ. ಏರು ಬಂದು ಎಂಜಿನ್ನಿಗೆ ಭಾರ ಬಿದ್ದಾಗ ತಿಳಿಯುತ್ತದೆ. ಮಂಜಿರುವ ದಿನ ಬೂದಿ ಆರುವುದಿಲ್ಲ, ಬಿಸಿಲು ಬಂದರೆ ಆರಿ ಎಲ್ಲ ಸರಿಹೋಗುತ್ತದೆ. ಕಡೂರಿಗೆ ಹೋದ ದಿನ ಆಕೆ ಹಚ್ಚಿರಲಿಲ್ಲ.

ಆಗಲೇ ಟವೆಲ್ಲಿನಿಂದ ಒರೆಸಿಬಿಡಬೇಕಿತ್ತು. ಕೈ ಬರಲಿಲ್ಲ. ಊದಿದ ಕಾಲಿನಲ್ಲಿ ನಿಂತು, ಕಣ್ಣು ಮುಚ್ಚಿ ಕೈ ಮುಗಿದಿರುವ ಹೆಂಗಸಿನ ಮುಂದೆ, ಅವರು ಆ ಕ್ಷಣ ಹಚ್ಚಿದ ವಿಭೂತಿಯನ್ನು ಒರೆಸುವ ಎದೆ ನನಗಿರಲಿಲ್ಲ. ಅರಸೀಕೆರೆಯಲ್ಲಿ ಶೆಡ್ಡಿನ ಹತ್ತಿರ ನಿಲ್ಲಿಸಿ, ಏನೋ ನೆಪ ಹೇಳಿ ಒರೆಸಿದರಾಯಿತು ಎಂದುಕೊಂಡೆ. ಮುಕ್ಕಾಲು ಗಂಟೆಯ ದಾರಿ.

ಅರ್ಧ ಗಂಟೆಗೆ ಗಾಡಿ ನಿಂತಿತು. ಮೊದಲು ಒಂದೆರಡು ಸಲ ಮುಗ್ಗರಿಸಿತು, ಸೈಲೆನ್ಸರಿನಲ್ಲಿ ಪಟಾಕಿ ಹೊಡೆದಂತೆ ಸದ್ದಾಯಿತು, ಒಂದು ಸಣ್ಣ ಏರಿನಲ್ಲಿ ಉಸಿರು ಬಿಟ್ಟಿತು. ನಾನು ಇಳಿದು ಬಾನೆಟ್ ಎತ್ತಿದೆ. ಹಿಂದಿನ ಸೀಟಿನ ಕಿಟಕಿಯಿಂದ ಆಕೆ ನನ್ನ ಕಡೆ ನೋಡುತ್ತಿದ್ದರು. ಆಮೇಲೆ ನಾನು ಮಾಡಿದ್ದನ್ನು ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ. ಕ್ಯಾಪನ್ನು ಬಿಟ್ಟು ಪೆಟ್ರೋಲಿನ ಪೈಪ್ ಬಿಚ್ಚಿದೆ. ಪಂಪ್ ಒತ್ತಿ ಪೆಟ್ರೋಲ್ ಬರುತ್ತಿದೆಯೇ ನೋಡಿದೆ. ಬ್ಯಾಟರಿಯ ವೈರ್ ನೋಡಿದೆ. ತಪ್ಪು ಬೇರೆಲ್ಲಾದರೂ ಸಿಗಲಿ ಎಂದು ಹುಡುಕುತ್ತ ಇಪ್ಪತ್ತೈದು ನಿಮಿಷ ಕಳೆದೆ. ಅವು ಆಕೆಯ ನಾಲ್ಕು ಗಂಟೆಯಲ್ಲಿ ಹೋದ ನಿಮಿಷಗಳು.

ಕೊನೆಗೆ ಟಾರ್ಚ್ ಆರಿಸಿ, ಸೆಲ್ಫ್ ಹೊಡೆಯಲು ಹೇಳಿದೆ. ಕತ್ತಲಲ್ಲಿ ಕಂಡಿತು. ಕ್ಯಾಪಿನ ಹೊರಮೈಯಲ್ಲಿ, ಆ ಮೂರು ಗೆರೆಗಳ ಗುಂಟ, ಸಣ್ಣ ನೀಲಿ ಕಿಡಿ ಈ ವೈರಿನ ಬುಡದಿಂದ ಆ ವೈರಿನ ಬುಡಕ್ಕೆ ಹರಿದಾಡುತ್ತಿತ್ತು. ಕಾಂಪೌಂಡರ ಕೈ ಕೀಲಿಯ ಮೇಲಿತ್ತು, ಎತ್ತಿದ ಬಾನೆಟ್ ಮರೆಯಾಗಿ ಅವರಿಗೆ ಕಾಣುವಂತಿರಲಿಲ್ಲ.

ಟವೆಲ್ಲಿನಿಂದ ಒರೆಸಿದೆ. ಬೂದಿ ಹೋದ ಮೇಲೆ ಕೆಳಗೆ ಕೂದಲಿನಷ್ಟು ಸಣ್ಣ ಕರಿ ಗೆರೆಗಳು ಉಳಿದವು. ಇಷ್ಟು ದಿನ ಹಾರಿದ ಕಿಡಿ ಸುಟ್ಟು ಮಾಡಿಕೊಂಡ ದಾರಿ ಅದು. ವಿಭೂತಿ ಅದರ ಮೇಲೆ ಮುಚ್ಚಿದ್ದರಿಂದ ನನಗೆ ಕಂಡಿರಲಿಲ್ಲ, ಕಾಣುವ ಹಾಗೆ ನಾನು ಒರೆಸಿಯೂ ಇರಲಿಲ್ಲ. ಚಾಕುವಿನಿಂದ ಕೆರೆದು, ಮತ್ತೆ ಒರೆಸಿ, ಹೇಗೋ ಮೂರು ಸಿಲಿಂಡರಿನಲ್ಲಿ ಶೆಡ್ಡಿನವರೆಗೆ ತಂದೆ. ದಸರೆಗೆ ಮುಂಚೆ ತೆಗೆದಿಟ್ಟ ಹಳೆಯ ಕ್ಯಾಪ್ ಡಬ್ಬಿಯಲ್ಲಿತ್ತು. ಅದನ್ನು ಹಾಕಿದೆ. ಎಂಜಿನ್ ಶುದ್ಧವಾಗಿ ಓಡಿತು.

ಆಕೆ ಕಿಟಕಿಯ ಗಾಜು ಇಳಿಸಿದರು. "ನಾನು ಹಚ್ಚಿದ್ದಕ್ಕಾ ಮೇಸ್ತ್ರಿ, ನಿಂತಿದ್ದು?"

"ಏ, ಇಲ್ಲ ತಾಯಿ," ಎಂದೆ. "ಈ ಕ್ಯಾಪೇ ಕಳಪೆ ಮಾಲು. ಒಳಗೆ ಸೀಳು ಬಿಟ್ಟೈತೆ. ಹೊಸದು ಅಂತ ನಂಬಿ ಕೆಟ್ಟೆ."

"ಒರೆಸ್ತಾ ಇದ್ರಿ."

"ಮಂಜಿತ್ತಲ್ಲ, ಅದಕ್ಕೆ ಒರೆಸಿದೆ. ಇನ್ಮೇಲೆ ಅಲ್ಲಿ ಹಚ್ಚಬೇಡಿ, ಬಿಸಿ ಇದ್ರೆ ಕೈ ಸುಡ್ತದೆ. ಒಳಗೆ ಸ್ಟೇರಿಂಗಿಗೆ ಹಚ್ಚಿ."

"ಆಗಲಿ," ಎಂದರು. ಗಾಜು ಏರಿಸಿಕೊಂಡರು. ಹಾಸನದವರೆಗೂ ನಾನೂ ಜೊತೆಗೆ ಹೋದೆ. ಮುಟ್ಟಿದಾಗ ಎಂಟಕ್ಕೆ ಹತ್ತು ನಿಮಿಷವಿತ್ತು. ಆಕೆಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಒಳಗೆ ಕರೆದೊಯ್ದರು. ಆಕೆ ಒಳಗಿರುವಾಗ, ಹೊರಗೆ ಕಾಯುತ್ತಿದ್ದ ಕಾಂಪೌಂಡರಿಗೆ ಒಬ್ಬರಿಗೇ ನಿಜ ಹೇಳಬಹುದಿತ್ತು. ಅವರಿಗೆ ಹೇಳಿದರೆ ಆಕೆಗೆ ಹೇಳಿದಂತೆ ಎಂದುಕೊಂಡು ಬಿಟ್ಟೆ.

ಅಲ್ಲಿಂದ ಮುಂದೆ ಗಾಡಿ ಒಂದು ದಿನವೂ ಕೈಕೊಡಲಿಲ್ಲ. ಬುಧವಾರ, ಶನಿವಾರ ಬೆಳಗ್ಗೆ ಐದೂವರೆಗೆ ನನ್ನ ಶೆಡ್ಡಿನ ಮುಂದೆ ಹಾದುಹೋಗುವಾಗ ಕಾಂಪೌಂಡರು ಒಂದು ಹಾರ್ನ್ ಹೊಡೆಯುತ್ತಿದ್ದರು. ನಾನು ಬಾಗಿಲಿಗೆ ಬಂದು ಸದ್ದು ಕೇಳುತ್ತಿದ್ದೆ. ನಾಲ್ಕೂ ಸಿಲಿಂಡರು. ಮಂಜಿದ್ದರೂ ನಾಲ್ಕೂ ಸಿಲಿಂಡರು. ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಹಾರ್ನ್ ಕೇಳಲಿಲ್ಲ. ಹಿಂದಿನ ಸರದಿಯ ದಿನ, ಮಿಷನ್ನು ಹಾಕಿಸಿಕೊಂಡು ಮಲಗಿದ್ದಾಗಲೇ ಆಕೆಯ ಹೃದಯ ನಿಂತಿತ್ತು ಎಂದು ಟ್ಯಾಕ್ಸಿಯವನೊಬ್ಬ ಹೇಳಿದ. ಅವತ್ತು ಅವರು ಆರೂಮುಕ್ಕಾಲಿಗೇ ಮುಟ್ಟಿದ್ದರು.

ಶಿವಗಣಾರಾಧನೆ ಎಲ್ಲ ಮುಗಿದು ಒಂದು ವಾರಕ್ಕೆ ಕಾಂಪೌಂಡರು ಬಂದರು. ಮಧ್ಯಾಹ್ನದ ಹೊತ್ತು. ನಾನು ಒಂದು ಟ್ಯಾಕ್ಸಿಯ ಬ್ರೇಕ್ ಬಿಚ್ಚಿಕೊಂಡು ನೆಲದ ಮೇಲೆ ಕೂತಿದ್ದೆ. ಅವರೂ ಎದುರಿಗೆ ಟಯರಿನ ಮೇಲೆ ಕೂತರು. ಆಕೆಗೆ ತುಂಬ ನೋವಾಗಲಿಲ್ಲ ಎಂದರು. ಹೃದಯ ಮುಂಚೆಯೇ ಸೋತಿತ್ತು, ನವೆಂಬರ್‌ನಲ್ಲಿ ಸರಿಯಾಗಿ ರಕ್ತ ತೊಳೆಯದೆ ಇದ್ದದ್ದೇ ಪೆಟ್ಟಾಯಿತು ಎಂದು ಡಾಕ್ಟರು ಹೇಳಿದರಂತೆ. ಇದನ್ನು ಅವರು ದೂರಿನಂತೆ ಹೇಳಲಿಲ್ಲ, ಕೇಸು ಓದಿ ಹೇಳುವವರಂತೆ ಹೇಳಿದರು. ನಾನು ಬ್ರೇಕ್ ಷೂ ಕೈಯಲ್ಲಿ ಹಿಡಿದುಕೊಂಡೇ ಇದ್ದೆ.

"ಒಂದ್ ಕೇಳ್ತೀನಿ ಮೇಸ್ತ್ರಿ. ಅವತ್ತು ಕ್ಯಾಪು ಸೀಳು ಬಿಟ್ಟೈತೆ ಅಂದ್ರಲ್ಲ. ದಿಟಾನಾ?"

"ಯಾಕ್ ಕೇಳ್ತೀರಿ?"

"ಅವ್ಳು ನಂಬಲಿಲ್ಲ. ಅವತ್ತು ಮಿಷನ್ನು ಹಾಕ್ದಾಗ್ಲೇ ಅಂದ್ಲು, ನಾನ್ ಹಚ್ಚಿದ್ದಕ್ಕೇ ನಿಂತಿದ್ದು, ಮೇಸ್ತ್ರಿ ನನ್ ಮುಖ ನೋಡಿ ಸುಳ್ ಹೇಳಿದ್ರು ಅಂತ. ನಾನು ಬೈದೆ. ಹಂಗೆಲ್ಲ ಇರಾಕಿಲ್ಲ, ಅವ್ರು ಗೊತ್ತಿರೋರು ಅಂದೆ. ಕೇಳ್ಲಿಲ್ಲ. ಆಮೇಲೆ ವಿಭೂತಿ ಬಟ್ಲು ಮುಟ್ಲಿಲ್ಲ ಅವ್ಳು. ಹಣೆಗೂ ಇಡ್ತಿರ್ಲಿಲ್ಲ. ನನ್ ಕೈಯಾರೆ ನನ್ ಹೊತ್ತು ಕಳ್ಕಂಡೆ ಅಂತ, ಕೊನೆ ಗಂಟ ಅದೊಂದೇ."

ಅವರು ನನ್ನ ಮುಖ ನೋಡುತ್ತಿದ್ದರು. ಎರಡನೆಯ ಸಲ ಸುಳ್ಳು ಹೇಳುವ ಶಕ್ತಿ ನನಗಿರಲಿಲ್ಲ. ಎಲ್ಲ ಹೇಳಿದೆ. ನೀಲಿ ಕಿಡಿ ಕಂಡದ್ದನ್ನು ಹೇಳಿದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಅದನ್ನು ಗಾಡಿಯ ಜೀವ ಎಂದು ಮುಟ್ಟಿ ತೋರಿಸಿದವನು ನಾನು. ಆ ಗೆರೆಗಳನ್ನು ಮೂರು ಸಲ ಕಣ್ಣಾರೆ ನೋಡಿ, ಒರೆಸಿ ನೋಡದೆ ಬಿಟ್ಟವನು ನಾನು. ಆಸ್ಪತ್ರೆ ದಿನ ಮಾತ್ರ ಹೀಗೆ ಎಂದು ನೀವು ಹೇಳಿದಾಗ ನಕ್ಕವನು ನಾನು. ಆ ಬೆಳಿಗ್ಗೆ ಕಾರಣ ಗೊತ್ತಾದ ಮೇಲೂ ಅದೇ ವಿಭೂತಿಯಲ್ಲಿ ಗಾಡಿ ಹೊರಡಿಸಿ, ನಡುದಾರಿಯಲ್ಲಿ ಬೇಕೆಂದೇ ಬೇರೆ ಕಡೆ ಹುಡುಕಿದವನೂ ನಾನೇ. ಆಕೆಯದು ಇದರಲ್ಲಿ ಚಿಟಿಕೆಯಷ್ಟು, ಉಳಿದದ್ದೆಲ್ಲ ನನ್ನದು ಎಂದೆ. ಆಕೆಗೆ ನೋವಾಗಬಾರದೆಂದು ಸುಳ್ಳು ಹೇಳಿದೆ ಎನ್ನಲು ಹೊರಟವನು ಅದನ್ನೂ ನಿಲ್ಲಿಸಿ ನಿಜ ಹೇಳಿದೆ. ತಪ್ಪನ್ನು ಮಾಲಿನ ಮೇಲೆ ಹಾಕಿದ್ದರಿಂದ ನನ್ನ ಹೆಸರೂ ಉಳಿದಿತ್ತು.

ಕಾಂಪೌಂಡರು ತಲೆ ತಗ್ಗಿಸಿ ಎಲ್ಲ ಕೇಳಿದರು. ಸಿಟ್ಟಾಗುತ್ತಾರೆಂದು ಕಾದೆ. ಸಿಟ್ಟಾಗಿದ್ದರೆ ನನಗೆ ಒಳ್ಳೆಯದಿತ್ತು. ಅವರು ಎದ್ದು, ಕೂತಿದ್ದ ಜಾಗದ ಧೂಳನ್ನು ಪಂಚೆಯಿಂದ ಕೊಡವಿಕೊಂಡರು.

"ಇಷ್ಟನ್ನೂ ಅವ್ಳಿಗೆ ಹೇಳ್ಬೇಕಿತ್ತು ಮೇಸ್ತ್ರಿ," ಎಂದರು.

ಗಾಡಿ ಹತ್ತಿ ಕೀಲಿ ತಿರುಗಿಸಿದರು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.